ಒಂದು ಮೂಟೆ ಎಲೆಯ ಎಣ್ಣೆ

ನಿಂಬೆಹುಲ್ಲು, ಅಲ್ಲ, ನಿಂಬೆಹುಲ್ಲಿನ ಹಾಗೆ ನಟಿಸುವ ಯಾವುದೋ ಘಾಟು, ಆಟೋದ ಮೀಟರಿನ ಪಕ್ಕ ಸಿಕ್ಕಿಸಿರುವ ಹಸಿರು ಬಾಟಲಿಯಿಂದ ಬರುತ್ತಿದೆ, ಬರೀ ಸಿಟ್ರಾಲ್, ಕಾರ್ಖಾನೆಯದು, ಅಸಲಿಯಾಗಿದ್ದರೆ ಅದರ ಬೆನ್ನಿಗೆ ಹಸಿ ಹುಲ್ಲಿನದೊಂದು ಉಸಿರು ಇರುತ್ತಿತ್ತು, ತುಸು ಜೆರಾನಿಯಾಲ್, ತುಸು ಮಿರ್ಸೀನ್ — ನಲವತ್ತು ವರ್ಷದ ಅಭ್ಯಾಸ, ಮೂಗು ಮೊದಲು ಓದಿಬಿಡುತ್ತದೆ, ಮನಸ್ಸು ಹಿಂದಿನಿಂದ ಬಂದು ಸೇರುತ್ತದೆ. ಗಾಳಿ ಜಾಸ್ತಿ ಹೊಡೀತಿದ್ಯಾ ಅಮ್ಮ, ಪರದೆ ಇಳಿಸ್ಲಾ, ಆಟೋದವರು ಕೇಳುತ್ತಾರೆ, ಬೇಡಪ್ಪ ಅನ್ನುತ್ತೇನೆ, ಆದರೂ ಸಿಗ್ನಲ್ಲಿನಲ್ಲಿ ನಿಂತಾಗ ಇಳಿದು ಬಂದು ನನ್ನ ಕಡೆಯ ಪರದೆಯನ್ನು ಕಟ್ಟಿ ಹೋಗುತ್ತಾರೆ, ಗುರುತಿಲ್ಲದವರು, ಯಾಕೆ ಇಷ್ಟು ಒಳ್ಳೆಯವರಾಗಿರುತ್ತಾರೋ ಜನ, ಇವತ್ತು ಒಂದು ದಿನ ಯಾರಾದರೂ ನನ್ನನ್ನು ಬೈದರೆ ಸಾಕು ಅನ್ನಿಸುತ್ತಿದೆ. ಜಯಲಕ್ಷ್ಮಿಪುರಂನಿಂದ ಹಿನಕಲ್‌ಗೆ ಎಷ್ಟು ದೂರ, ವಾಕ್ಯ ಜೋಡಿಸುವುದರೊಳಗೆ ಬಂದೇಬಿಡುತ್ತದೆ. ಇವತ್ತು ಚೆಲುವಯ್ಯನವರ ಹನ್ನೊಂದನೆಯ ದಿನ, ತಿಥಿ. ಅವರ ಹೆಂಡತಿಗೆ ಹೇಳಿಬಿಡಬೇಕು. ಪ್ರೇಮಮ್ಮ, ನಿಮ್ಮ ಯಜಮಾನರ ಕಾಲಿನ ಗಾಯಕ್ಕೆ ಆ ಎಣ್ಣೆ ಕೊಟ್ಟಿದ್ದು ನಾನು, ಬೆರೆಸದೆ ಹಚ್ಚಬೇಡಿ ಅನ್ನುವ ಒಂದು ಮಾತು ಹೇಳಲಿಲ್ಲ. ಅಷ್ಟೇ. ನಲವತ್ತು ವರ್ಷ ರಸಾಯನಶಾಸ್ತ್ರ ಪಾಠ ಹೇಳಿದವಳು ಇಷ್ಟು ಚಿಕ್ಕ ವಾಕ್ಯವನ್ನು ಮತ್ತೆ ಮತ್ತೆ ಮೊದಲಿಂದ ಜೋಡಿಸುತ್ತೇನೆ.

ದೊಡ್ಡಪತ್ರೆ ಎಣ್ಣೆ. ದೊಡ್ಡಪತ್ರೆ ಯಾರ ಮನೆಯ ಕುಂಡದಲ್ಲಿಲ್ಲ, ಕಿತ್ತು ತಂಬುಳಿ ಮಾಡುತ್ತೇವೆ, ಮಗುವಿಗೆ ಕೆಮ್ಮಾದರೆ ಬಾಡಿಸಿ ರಸ ಹಿಂಡುತ್ತೇವೆ, ಅದರಿಂದ ಯಾರಿಗೆ ಏನಾಗುತ್ತದೆ, ಆದರೆ ಎಲೆ ಬೇರೆ ಎಣ್ಣೆ ಬೇರೆ, ಒಂದು ಮೂಟೆ ಎಲೆಯನ್ನು ಭಟ್ಟಿಗೆ ಹಾಕಿ ಹಬೆ ಹಾಯಿಸಿದರೆ ಕೊನೆಗೆ ಸಿಗುವುದು ಒಂದೆರಡು ಚಮಚ, ಒಂದು ಹನಿಯಲ್ಲಿ ನೂರಾರು ಎಲೆಯ ಖಾರ ಕೂತಿರುತ್ತದೆ. ನಿವೃತ್ತಿಯಾದ ಮೇಲೆ ನನ್ನ ಹಿತ್ತಲಿನಲ್ಲಿ ಹಳೆಯ ಗಾಜಿನ ಭಟ್ಟಿ ಜೋಡಿಸಿಕೊಂಡೆವು, ನಾನು ಮತ್ತು ಚೆಲುವಯ್ಯ, ಪ್ರತಿ ಶನಿವಾರ. ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ನನ್ನ ಅಟೆಂಡರ್ ಆಗಿದ್ದವರು, ಸೂರ್ಯ ಹುಟ್ಟುವ ಮೊದಲೇ ಎಲೆ ಕೊಯ್ದು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಸೈಕಲ್ ಮೇಲೆ ತರುತ್ತಿದ್ದರು, ಬಿಸಿಲೇರ್ಬುಟ್ರೆ ಎಣ್ಣೆ ಆರೋಯ್ತದೆ ಕಣಮ್ಮೋರೆ, ಎಲೆಗೂ ನಾಚ್ಕೆ ಐತೆ. ಹಿಂದೆ ಲ್ಯಾಬಿನಲ್ಲಿ, ಎಣ್ಣೆಯಲ್ಲಿ ಏನೇನಿದೆ ಎಂದು ಗೆರೆ ಎಳೆದು ತೋರಿಸುವ ಗ್ಯಾಸ್ ಕ್ರೊಮೆಟೊಗ್ರಾಫಿನ ಕಾಗದ ಯಂತ್ರದಿಂದ ಹೊರಬರುವಾಗ ನನಗಿಂತ ಮುಂಚೆ ಬಗ್ಗಿ ನೋಡುತ್ತಿದ್ದರು, ಸಾಲಾಗಿ ಪುಟ್ಟ ಪುಟ್ಟ ಏರು, ಸೈಮೀನ್, ಟರ್ಪಿನೀನ್, ಥೈಮಾಲ್, ನಡುವೆ ಒಂದೇ ಒಂದು ಎತ್ತರದ ಕೊಂಬು, ಕಾರ್ವಕ್ರಾಲ್, ಆ ಖಾರವೆಲ್ಲ ಅದರದೇ, ಇದು ಚಾಮುಂಡಿ ಬೆಟ್ಟ, ಮಿಕ್ಕಿದ್ದೆಲ್ಲ ದಿಣ್ಣೆ ಅನ್ನುತ್ತಿದ್ದರು, ಆ ಮಾತನ್ನು ನಾನು ತರಗತಿಯಲ್ಲಿ ಎಷ್ಟು ವರ್ಷ ಹೇಳಿದ್ದೇನೆ, ನನ್ನದೇ ಮಾತೆಂಬಂತೆ. ಫಿಲ್ಟರ್ ಪೇಪರನ್ನು ಆಫೀಸಿನ ಪಂಚಿಂಗ್ ಮಷಿನ್ನಿನಲ್ಲಿ ಒತ್ತಿ ಪುಟ್ಟ ಬಿಲ್ಲೆ ಮಾಡುವುದು, ಅದನ್ನು ಎಣ್ಣೆಯಲ್ಲಿ ಅದ್ದಿ, ಬ್ಯಾಕ್ಟೀರಿಯಾ ಹರಡಿದ ಗಾಜಿನ ತಟ್ಟೆಯ ನಡುವೆ ಚಿಮಟದಿಂದ ಇಡುವುದು, ಎಲ್ಲ ಅವರದೇ ಕೆಲಸ, ನನ್ನ ಕೈ ನಡುಗುತ್ತಿತ್ತು, ಅವರದು ನಡುಗುತ್ತಿರಲಿಲ್ಲ. ಮಾರನೆಯ ದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿಯಾದ ವೃತ್ತ, ಅವರು ಸ್ಕೇಲಿಟ್ಟು ಅಳೆದು, ಇಪ್ಪತ್ತೆಂಟು ಮಿಲ್ಲಿಮೀಟರ್ ಅಮ್ಮೋರೆ, ಗೆದ್ದೇಬುಟ್ವಿ. ನವೆಂಬರಿನಲ್ಲಿ ಹೊಸ ಚಪ್ಪಲಿ ಕಚ್ಚಿ ಎಡಗಾಲಿನ ಹರಡಿನ ಪಕ್ಕ ಗಾಯವಾಗಿತ್ತು, ಹುಣಿಸೆಬೀಜದಷ್ಟು, ನಾನೇ ಒಳಗೆ ಹೋಗಿ ಸೀಸೆ ತಂದು, ತಗೊಳ್ಳಿ, ನಮ್ಮ ಎಣ್ಣೆ ನಮಗೇ ಆಗದಿದ್ದರೆ ಹೇಗೆ ಅಂದೆ, ನಕ್ಕೆ. ಕೊಬ್ಬರಿ ಎಣ್ಣೆಗೆ ಒಂದು ಹನಿ ಬೆರೆಸಬೇಕು ಅಂತ ಅವರಿಗೆ ಗೊತ್ತಿಲ್ಲವೇ ಅಂದುಕೊಂಡೆ, ಮೂವತ್ತೊಂದು ವರ್ಷ ಜೊತೆಗಿದ್ದವರು. ಪ್ರಯೋಗಾಲಯದಲ್ಲಿ ನಾವು ಯಾವತ್ತು ಬೆರೆಸಿದ್ದೆವು? ಅವರಿಗೆ ಸಕ್ಕರೆ ಕಾಯಿಲೆ, ಪಾದಕ್ಕೆ ಉರಿಯೂ ಗೊತ್ತಾಗದು, ಅದೂ ಗೊತ್ತಿತ್ತು ನನಗೆ. ಫೆಬ್ರವರಿಯಲ್ಲಿ ಕಾಲು ತೆಗೆದರಂತೆ ಅಂತ ಸುದ್ದಿ ಬಂತು, ನಂಜು ರಕ್ತಕ್ಕೇರಿತಂತೆ ಅಂತ ಬಂತು, ಆಮೇಲೆ ಹೋದರಂತೆ ಅಂತ. ಎಣ್ಣೆಯಿಂದಲೇ ಅಂತ ಯಾರೂ ಹೇಳಲಿಲ್ಲ, ಆ ಯಾರೂ ಹೇಳಲಿಲ್ಲ ಎನ್ನುವುದರ ಹಿಂದೆ ಹನ್ನೊಂದು ದಿನ ಬಚ್ಚಿಟ್ಟುಕೊಂಡು ಕೂತಿದ್ದೇನೆ.

ಚಪ್ಪರ, ಬಾಡಿಗೆ ಕುರ್ಚಿಗಳು, ಒಗ್ಗರಣೆ ವಾಸನೆ, ಯಾರೋ ಹೆಣ್ಣುಮಗಳು ಒಂದು ಕುರ್ಚಿಯನ್ನು ಸೆರಗಿನಿಂದ ಒರೆಸಿ ನೆರಳಿಗೆ ಎಳೆಯುತ್ತಾಳೆ, ಇಲ್ಲಿ ಕೂತ್ಕಳಿ ಮೇಡಮ್ಮೋರೆ. ಗೋಡೆಗೆ ಒರಗಿಸಿದ ಫೋಟೊ, ಖಾಕಿ ಷರಟು, ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದಾರೆ, ಮುಂದೆ ಬಾಳೆಲೆಯ ಮೇಲೆ ಎಡೆ, ಅವರಿಗೆ ಇಷ್ಟವಾದದ್ದೆಲ್ಲ, ಮುದ್ದೆ, ಕಾಳುಸಾರು, ವಡೆ, ಲೋಟದಲ್ಲಿ ಕಾಫಿ, ಒಂದು ಕಟ್ಟು ಬೀಡಿ, ದೊಡ್ಡಪತ್ರೆ ಬಜ್ಜಿ, ಬಜ್ಜಿಯ ಪಕ್ಕ — ಸೀಸೆ. ಕಂದು ಗಾಜಿನ ಸೀಸೆ, ಮೇಲೆ ನನ್ನ ಅಕ್ಷರ, ದೊಡ್ಡಪತ್ರೆ, ತಾರೀಖು, ದುಂಡಗೆ ಬರೆದಿದ್ದೇನೆ, ಓದಲು ಅವರಿಗೆ ಕಷ್ಟವಾಗಬಾರದೆಂದು. ಅರ್ಧ ಎಣ್ಣೆ ಇನ್ನೂ ಇದೆ. ಕರ್ಪೂರ ಹಚ್ಚುತ್ತಾರೆ, ಎಲ್ಲರೂ ಕೈ ಮುಗಿಯುತ್ತಾರೆ, ನಾನೂ, ಯಾರಿಗೆ ಮುಗಿದೆನೋ, ಸೀಸೆಗೋ. ಚೆಲುವಯ್ಯನವರ ತಮ್ಮ ಚಿಕ್ಕಯ್ಯ ಎಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನೋಡಿ ಮೇಡಮ್ಮೋರೆ, ನಮ್ಮಣ್ಣ ಈ ಬಾಟ್ಲಿನ ಎಂಡ್ತಿಗಿಂತ ಜೋಪಾನ ಮಾಡ್ತಿದ್ದ, ಅನ್ನುತ್ತಾರೆ, ಹೆಂಗಸರು ನಗುತ್ತಾರೆ, ಬುಡಯ್ಯ, ನಿಮ್ಮಣ್ಣನ ಜೋಪಾನ ನನ್ಗೊತ್ತಿಲ್ವಾ ಅನ್ನುತ್ತಾರೆ ಪ್ರೇಮಮ್ಮ, ಅವರೂ ನಗುತ್ತಾರೆ, ಅತ್ತು ಅತ್ತು ಊದಿದ ಮುಖದಲ್ಲಿ ನಗು. ಅತ್ತಿಗೆ, ನಂಗೂ ಇಮ್ಮಡಿ ಒಡೆದು ಕಿತ್ಕಂಡೋಗಿದೆ, ಎಲ್ಡು ತೊಟ್ಟು ಕೊಡು ಇದ್ರಲ್ಲಿ, ಚಿಕ್ಕಯ್ಯ ಕೈ ಚಾಚುತ್ತಾರೆ, ಅವರಿಗೂ ಸಕ್ಕರೆ ಕಾಯಿಲೆ, ಅಣ್ಣ ತಮ್ಮ ಇಬ್ಬರಿಗೂ, ಒಟ್ಟಿಗೆ ಮಾತ್ರೆ ತರಲು ಹೋಗುತ್ತಿದ್ದರು, ಅವರ ಬೆರಳು ಸೀಸೆಯ ಮುಚ್ಚಳದ ಮೇಲೆ, ಬೇಡ, ಅದನ್ನು ಮುಟ್ಟಬೇಡಿ — ಇದು ನನ್ನ ದನಿ, ಇಷ್ಟು ಗಟ್ಟಿಯಾಗಿ ಯಾವಾಗ ಬಂತು. ಚಪ್ಪರದಲ್ಲಿ ಎಲ್ಲರೂ ನನ್ನತ್ತ ತಿರುಗುತ್ತಾರೆ. ಎಡೆ ಸಾಮಾನು ಮುಟ್ಟಬಾರ್ದು ಅಂತ ಏಳ್ತಾವ್ರೆ ಕಣಯ್ಯ, ಅಷ್ಟೂ ಗೊತ್ತಾಗಕಿಲ್ವಾ ನಿಂಗೆ, ಪ್ರೇಮಮ್ಮ ಬಗ್ಗಿ ಸೀಸೆಯನ್ನು ಎತ್ತಿ ಸೆರಗಿನೊಳಗೆ ಹಾಕಿಕೊಳ್ಳುತ್ತಾರೆ, ಇನ್ನೊಂದು ಕೈಯಲ್ಲಿ ನನ್ನ ಮೊಣಕೈ ಹಿಡಿದು, ಬನ್ನಿ ಅಮ್ಮೋರೆ, ಒಳಗೆ ನಿಮ್ಗೆ ಸಕ್ಕರೆ ಇಲ್ದಂಗೆ ಕಾಫಿ ಮಡಗಿವ್ನಿ. ಈ ದಿನ, ಇಷ್ಟು ಜನದ ನಡುವೆ, ನನ್ನ ಕಾಫಿಗೆ ಸಕ್ಕರೆ ಇಲ್ಲವೆಂದು ನೆನಪಿಟ್ಟಿದ್ದಾರೆ.

ಅಡುಗೆಮನೆಯಲ್ಲಿ ಹೇಳುತ್ತೇನೆ. ಜೋಡಿಸಿದ ವಾಕ್ಯವೆಲ್ಲ ಚೂರಾಗಿ, ಪ್ರೇಮಮ್ಮ ಅದು ನಾನು ಕೊಟ್ಟಿದ್ದು, ಹಾಗೇ ಹಚ್ಚಿದರೆ ಚರ್ಮ ಸುಡುತ್ತೆ, ನಾನು ಹೇಳಲಿಲ್ಲ. ಗೊತ್ತು ಕಣಮ್ಮ. ಏನು ಗೊತ್ತು. ಎಲ್ಲಾನುವೆ, ಡಾಕ್ಟ್ರು ಕೇಳಿದ್ರಲ್ಲ ಏನು ಹಚ್ಚಿದ್ದು ಅಂತ, ಆವಾಗ್ಲೇ ಏಳಿದ್ರು, ಇದ್ರಿಂದ್ಲೇ ಸುಟ್ಟೋಗಿರದು ಅಂತ. ಲೋಟವನ್ನು ನನ್ನ ಕೈಗಿಟ್ಟು ನನ್ನ ಬೆರಳುಗಳನ್ನು ಅದರ ಸುತ್ತ ಮಡಿಸುತ್ತಾರೆ, ಬಿಸಿ ಇದೆ, ಹಿಡ್ಕಳಿ. ಬರೀ ಹಚ್ಚಿದ್ರೆ ತಡ್ಕಂತಿತ್ತೇನೋ ಅಮ್ಮೋರೆ, ಇವ್ರು ಬರೀ ಹಚ್ಲಿಲ್ಲ, ಲ್ಯಾಬಲ್ಲಿ ಮಾಡ್ದಂಗೇ ಮಾಡಿದ್ರು, ಆ ಕಾಗ್ದದ ಬಿಲ್ಲೆ ಕತ್ತರ್ಸಿ, ಎಣ್ಣೇಲಿ ಅದ್ದಿ, ಗಾಯದ ಮೇಲಿಟ್ಟು ಬಟ್ಟೆ ಕಟ್ಟಿ, ಬೆಳಿಗ್ಗೆ ಬಿಚ್ಚಿ ನೋಡ್ತಿದ್ರು, ಮೂರ್ದಿನಕ್ಕೆ ಸುತ್ತ ಬೆಳ್ಳಗೆ ಬಂತು, ನನ್ನ ಕರ್ದು ತೋರ್ಸಿದ್ರು, ಸ್ಕೇಲ್ ತಕಂಡು ಅಳೆದ್ರು, ನೋಡೇ ವೃತ್ತ ಬಂದ್ಬುಟ್ಟದೆ ಅಂತ. ಬೆಳ್ಳಗೆ. ಸತ್ತ ಚರ್ಮ, ಅದು ಸತ್ತ ಚರ್ಮ, ತಟ್ಟೆಯಲ್ಲಿ ಸಾಯುವುದು ರೋಗಾಣು, ಕಾಲಿನಲ್ಲಿ ಸಾಯುವುದು ಕಾಲು, ಕಾರ್ವಕ್ರಾಲಿಗೆ ಯಾವ ಜೀವಕೋಶ ಯಾರದೆಂದು ಗೊತ್ತಿಲ್ಲ, ಎಲ್ಲದರ ಪೊರೆಯನ್ನೂ ಒಂದೇ ರೀತಿ ಹರಿಯುತ್ತದೆ, ಇದನ್ನು ನಾನೇ ಬರೆದಿದ್ದೇನೆ, ಪ್ರಬಂಧದ ಕೊನೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ, ಅವರು ಓದಲಾಗದ ಕಡೆ. ನನಗ್ಯಾಕೆ ಹೇಳಲಿಲ್ಲ ಪ್ರೇಮಮ್ಮ. ಚಿಕ್ಕಯ್ಯಂಗೂ ಏಳ್ಬೇಡ, ಯಾರ್ಗೂ ಏಳ್ಬೇಡ ಅಂತ ಆಣೆ ಆಕ್ಸ್ಕಂಡಿದ್ರು ಕಣಮ್ಮ, ಅಮ್ಮೋರಿಗೆ ಗೊತ್ತಾದ್ರೆ ಭಟ್ಟಿ ಒಲೆ ಹಚ್ಚದೇ ಬುಟ್ಬುಡ್ತಾರೆ, ಶನಿವಾರ ಒಬ್ರೇ ಏನು ಮಾಡ್ತಾರೆ ಅಂತ. ಶನಿವಾರ ಬಂತು ಅಂದ್ರೆ ಬೆಳಿಗ್ಗೆನೇ ನನ್ನ ಕೂಗಿ, ಕಾಲುಚೀಲ ಆಕು, ಬ್ಯಾಂಡೇಜು ಕಾಣ್ಬಾರ್ದು ಅನ್ನೋರು, ಯೂನಿಫಾರಂ ಜೊತೇಲಿ ಕೊಟ್ಟಿದ್ರಲ್ಲ ಕಂದು ಕಾಲುಚೀಲ, ಒಂದಿನ ಪ್ಯಾಕೆಟ್ ಬಿಚ್ಚಿರ್ಲಿಲ್ಲ ಪುಣ್ಯಾತ್ಮ, ಅದೇ. ಹೊರಗೆ ಯಾರೋ ಪ್ರೇಮಕ್ಕ ಎಲೆ ಹಾಕದಾ ಅಂತ ಕೂಗುತ್ತಾರೆ, ಬಂದೆ ಅನ್ನುತ್ತಾರೆ, ಹೋಗುವುದಿಲ್ಲ, ನನ್ನ ಲೋಟ ಖಾಲಿಯಾಗುವವರೆಗೆ ನನ್ನೆದುರು ನಿಂತೇ ಇರುತ್ತಾರೆ.

ಕಂದು ಕಾಲುಚೀಲ, ನಾನು ನೋಡಿದ್ದೆ, ಪ್ಯಾಕೆಟ್ಟಿನ ಮಡಿಕೆಯ ಗೆರೆ ಇನ್ನೂ ಹೋಗದ ಕಾಲುಚೀಲ, ಮೂವತ್ತೊಂದು ವರ್ಷ ಬರಿಗಾಲಿನಲ್ಲಿ ಚಪ್ಪಲಿ ಮೆಟ್ಟಿದವರು ಒಂದು ಶನಿವಾರ ಹಿತ್ತಲ ಬಾಗಿಲಿಗೆ ಕಾಲುಚೀಲ ಹಾಕಿಕೊಂಡು ಬಂದರು, ಏನ್ರೀ ಚೆಲುವಯ್ಯ, ಸಾಹೇಬ್ರಾಗಿಬಿಟ್ರಿ ಅಂದೆ, ಚಳಿ ಕಣಮ್ಮೋರೆ, ವಯಸ್ಸಾಯ್ತಲ್ಲ ಅಂದರು, ಗಾಯ ಹೇಗಿದೆ ಅಂದೆ, ಮಾಯ್ತಾ ಅದೆ, ನಮ್ಮ ಎಣ್ಣೆ ಅಂದ್ರೆ ಸುಮ್ನೇನಾ ಅಂದರು, ನಾನು ನಂಬಿದೆ, ಖುಷಿಪಟ್ಟೆ, ಮುಂದಿನ ಶನಿವಾರ ಅದೇ ಕಾಲುಚೀಲ, ಅದರ ಮುಂದಿನದೂ, ಪ್ರೇಮಮ್ಮ ಒಗೆದು ಒಣಗಿಸಿ ಮತ್ತೆ ಹಾಕುತ್ತಿದ್ದದ್ದು, ಬಾಗಿಲ ಮೆಟ್ಟಿಲ ಮೇಲೆ ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬ್ಯಾಂಡೇಜಿನ ಮೇಲೆ ಮೆಲ್ಲಗೆ ಎಳೆದು, ನನಗೆ ಕಾಣಬಾರದೆಂದು, ನನಗೆ. ಆಟೋ ಫ್ಲೈಓವರ್ ಹತ್ತುತ್ತಿದೆ, ಅದೇ ಆಟೋದವರು, ಕಾಯುತ್ತಲೇ ಇದ್ದರು, ನಾನು ಕಾಯಿರಿ ಅಂದಿರಲಿಲ್ಲ, ಮಡಿಲಲ್ಲಿ ಪ್ರೇಮಮ್ಮ ಕಟ್ಟಿಕೊಟ್ಟ ಬಜ್ಜಿಯ ಪೊಟ್ಟಣ, ಬಿಸಿ ಬಿಸಿ, ಯಾಕೆ ಕೊಟ್ಟಿರಿ ಪ್ರೇಮಮ್ಮ, ಹೇಗೆ ತಿನ್ನಲಿ, ಜನವರಿಯ ಆ ಶನಿವಾರ, ಕೊನೆಯದು, ಅವರು ಭಟ್ಟಿಯ ಹಬೆ ತಣಿಸುವ ಕಂಡೆನ್ಸರಿನ ಪಕ್ಕ ಮಣೆಯ ಮೇಲೆ ಕೂತಿದ್ದಾರೆ, ಎಡಗಾಲು ಮುಂದೆ ಚಾಚಿದೆ, ಕಂದು ಕಾಲುಚೀಲ, ಹರಡಿನ ಪಕ್ಕ ದುಂಡಗೆ ಒದ್ದೆಯಾಗಿದೆ, ಕಂಡೆನ್ಸರಿನ ನೀರು ಚೆಲ್ಲಿತಾ ಅಂದೆ, ಊಂ ಕಣಮ್ಮೋರೆ, ಚೆಲ್ಬುಟ್ಟೆ ಅಂದರು, ಒರೆಸಿಕೊಳ್ಳಿ, ನೆಗಡಿಯಾಗುತ್ತೆ ಅಂತ ಒಳಗಿನಿಂದ ಟವೆಲ್ ತಂದುಕೊಟ್ಟೆ, ಒಗೆದ ಟವೆಲ್, ಅವರು ಇಸಕೊಂಡರು, ನನ್ನ ಮುಖ ನೋಡುತ್ತಲೇ, ನಗುತ್ತಲೇ, ಕಾಲುಚೀಲದ ಮೇಲೆ ಒತ್ತಿ ಒರೆಸಿಕೊಂಡರು, ಚೆನ್ನಾಗಿ ಒರೆಸಿ ಅಂದೆ, ಮತ್ತೆ ಒತ್ತಿದರು, ಕಂದು ಕಾಲುಚೀಲ, ನಾನು ನೋಡುತ್ತಾ ನಿಂತಿದ್ದೇನೆ, ಒತ್ತಿದಷ್ಟೂ ಆ ಒದ್ದೆ ದೊಡ್ಡದಾಗುತ್ತಿದೆ, ಕಂದು ಕಾಲುಚೀಲ, ಒದ್ದೆ,