ರಾಜೀವಿಯ ಮೂಲೆ

ಅಶ್ವಿತ್ ಮೂರನೆಯ ಸಲ ಬೀಸಿದ ಪಿಕ್ಕಾಸಿಗೆ ಬೇರಿನ ದೊಡ್ಡ ಗೊಂಚಲೊಂದು ಸಿಕ್ಕಿಕೊಂಡು ಮೇಲೆ ಬಂತು. ಹೆಬ್ಬೆರಳು ಗಾತ್ರದ ಬೇರುಗಳು, ಮುರಿದಲ್ಲಿ ಬೆಳ್ಳಗೆ.

“ಇದೆಂತದು ಮಾವ, ಗೆಣಸಾ?”

ಮುಂಡಪ್ಪ ಬಗ್ಗಿ ನೋಡಿದರು. ಹೆಂಡತಿ ರಾಜೀವಿಯ ಚಿತೆಗೆ ಈ ಜಾಗ ತೋರಿಸಿದ್ದು ಅವರೇ. ಅಳದಂಗಡಿಯ ಆ ಗುಡ್ಡದಲ್ಲಿ ಉಳಿದಲ್ಲೆಲ್ಲ ಪಾದೆಕಲ್ಲು. ಈ ಮೂಲೆಯಲ್ಲಿ ಮಾತ್ರ ಮಣ್ಣು ಮೆತ್ತಗೆ.

“ಶತಾವರಿ,” ಎಂದರು ಟೆಂಪೊದಿಂದ ಸೌದೆ ಇಳಿಸುತ್ತಿದ್ದ ಶಾಹುಲ್ ಹಮೀದ್. “ಪುತ್ತಿಗೆಯಿಂದ ಸಸಿ ತಂದದ್ದು ಇದೇ ಗಾಡಿಯಲ್ಲಿ. ಟ್ರೇಯನ್ನು ರಾಜೀವಿ ಅಕ್ಕ ಮಡಿಲಿಂದ ಕೆಳಗೆ ಇಡ್ಲಿಲ್ಲ.”

ಅಷ್ಟರಲ್ಲಿ ಮಗಳು ನಿಖಿತಾ ಅಂಗಳದಿಂದ ಓಡಿ ಬಂದಳು.

“ಅಲ್ಲಿ ಬೇಡ ಅಪ್ಪ! ಅಮ್ಮನ ಬೇರು ಉಂಟು.”

“ಹೆಂಗಸರು ಇಲ್ಲಿಗೆ ಬರುವ ಹಾಗಿಲ್ಲ,” ಎಂದ ಅಶ್ವಿತ್.

“ಒಂದು ಗಂಟೆ ಕೊಡು ಅಶ್ವಿತ್. ನಾನೇ ಅಗೆದು ತೆಗೀತೇನೆ. ಬರುವ ತಿಂಗಳು ತೆಗೀಲಿಕ್ಕೆ ಇದ್ದದ್ದು.”

“ಹೆತ್ತವಳನ್ನು ಚಾವಡಿಯಲ್ಲಿ ಮಲಗಿಸಿ ಬೇರು ಅಗೆಯುವುದಾ? ಬಂದವರು ಏನು ಹೇಳಿಯಾರು ಮಾರಾಯ್ತಿ?”

“ನಾಲ್ಕು ಜನ ಸೇರಿದ್ರೆ ಅರ್ಧ ಗಂಟೆ ಸಾಕು,” ಎಂದರು ಶಾಹುಲ್ ಹಮೀದ್.

“ನಿಮಗೇನು ಹಮೀದಾಕ, ಬೇರಿಗೂ ಒಂದು ಬಾಡಿಗೆ ಸಿಗ್ತದೆ,” ಎಂದ ಅಶ್ವಿತ್.

ಯಾರೋ ನಕ್ಕು, ಅದನ್ನು ಕೆಮ್ಮು ಮಾಡಿಕೊಂಡರು. ನಿಖಿತಾ ಅಪ್ಪನ ಮುಖ ನೋಡಿದಳು. ಮುಂಡಪ್ಪ ವಾಚು ನೋಡಿದರು.

“ಹನ್ನೆರಡರ ಒಳಗೆ ಮುಗಿಸುವ,” ಎಂದರು.

*

ಇಪ್ಪತ್ತಾರು ವರ್ಷದಲ್ಲಿ ರಾಜೀವಿ ಗಂಡನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ: “ಆ ಮೂಲೆ ನನಗೆ ಕೊಡಿ.”

“ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಏನು ಬೇಕಾದ್ರೂ ಮಾಡು. ನನ್ನ ಕೈಯಲ್ಲಿ ಮಣ್ಣು ಹೊರಿಸಬೇಡ, ಅಷ್ಟೆ.”

ಹೊರಿಸಲಿಲ್ಲ. ಒಂದು ಬೇಸಿಗೆ ಪೂರ್ತಿ ಕೆಳಗೆ ಹರಿಯುವ ತೋಡಿನ ಬದಿಯ ಮಣ್ಣನ್ನು ತಾನೇ ತಲೆಯಲ್ಲಿ ಹೊತ್ತು, ಹಟ್ಟಿಗೊಬ್ಬರ ಬೆರೆಸಿ, ಸಾಲು ಮಾಡಿ ಸಸಿ ನೆಟ್ಟಳು. ಬಳ್ಳಿ ಮುಳ್ಳುಮುಳ್ಳಾಗಿ ಕೋಲಿಗೆ ಹಬ್ಬಿತು. ಬಂದ ನೆಂಟರಿಗೆಲ್ಲ ಮುಂಡಪ್ಪ ತೋರಿಸುತ್ತಿದ್ದರು: “ನೋಡಿ, ನಮ್ಮವಳ ಮುಳ್ಳಿನ ತೋಟ.” ಒಮ್ಮೆ ನೆಂಟರ ಎದುರಲ್ಲೇ ಅವಳನ್ನು ಕೇಳಿದರು: “ಒಂದು ಬುಡ ಕಿತ್ತು ತೋರಿಸು, ಅಡಿಯಲ್ಲಿ ಏನಾದ್ರೂ ಉಂಟಾ ಅಂತ.”

“ಇಪ್ಪತ್ತು ತಿಂಗಳು ಆಗಬೇಕು. ನಡುವೆ ಕೆದಕಿದ್ರೆ ಹಾಳು.”

ಬೇರನ್ನು ಬೇಯಿಸಲಿಕ್ಕೆಂದು ಹಳೆಯ ತಾಮ್ರದ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ ಇಟ್ಟಿದ್ದಳು. “ಹದವಾಗಿ ಬೆಂದ್ರೆ ಸಿಪ್ಪೆ ಒಂದೇ ಎಳೆತಕ್ಕೆ ಬರ್ತದಂತೆ ನಿಖಿ,” ಎಂದು ಮಗಳಿಗೆ ಹೇಳುತ್ತಿದ್ದಳು, “ಅಂಗಿ ಕಳಚಿದ ಹಾಗೆ.”

ನಿನ್ನೆ ಎದೆನೋವು ಎಂದವಳನ್ನು ಬೆಳ್ತಂಗಡಿಗೆ ಮುಟ್ಟಿಸಲಾಗಲಿಲ್ಲ. ಇವತ್ತು ಬೆಳಿಗ್ಗೆ ಅವಳ ಸ್ನಾನಕ್ಕೆ ನೀರು ಕಾಯಿಸಿದ್ದು ಆ ಹಂಡೆಯಲ್ಲೇ.

*

ಸಂಜೆಗೆ ಎಲ್ಲರೂ ಹೊರಟರು. ಗುಂಡಿಯಿಂದ ಎಸೆದಿದ್ದ ಬೇರುಗಳನ್ನು ಕೆಲವರು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ತುಂಬಿಕೊಂಡರು. “ಬಾಣಂತಿಗೆ ಹಾಲಾಗ್ತದಂತೆ,” ಎಂದಳು ಅಶ್ವಿತನ ತಾಯಿ. “ರಾಜೀವಿ ಒಂದು ದಿನವೂ ಹೇಳ್ಲಿಲ್ಲ ನೋಡಿ.”

ನಿಖಿತಾ ಯಾರನ್ನೂ ಕೇಳದೆ ಮೂಲೆಗೆ ಹೋದಳು. ಕೊಳ್ಳಿಗಳು ಕುಸಿದು ಕೆಂಡವಾಗಿದ್ದವು. ಮುಂಡಪ್ಪ ಪಾದೆಯ ಮೇಲೆ ಕೂತಿದ್ದರು. ಗುಂಡಿಯ ಅಂಚಿನಲ್ಲಿ ಅರ್ಧ ಸಾಲು ಉಳಿದಿತ್ತು. ಬಳ್ಳಿ ಕರಟಿ ಕೋಲಿಗೆ ಅಂಟಿತ್ತು.

“ಇಷ್ಟು ದಪ್ಪ ಆದದ್ದು ನನಗೆ ಗೊತ್ತಿರ್ಲಿಲ್ಲ,” ಎಂದರು.

“ಅಮ್ಮನಿಗೂ ಗೊತ್ತಿರ್ಲಿಲ್ಲ.”

ಅವಳು ಕುಕ್ಕರಗಾಲಲ್ಲಿ ಕೂತು ಅಂಚಿನ ಮಣ್ಣಿಗೆ ಕೈ ಹಾಕಿದಳು. ಸುಡುತ್ತಿತ್ತು. ಕೈ ತೆಗೆಯದೆ ತಡಕಿ, ಒಂದು ಬೇರು ಹಿಡಿದು ಎಳೆದಳು. ಅದರ ಸಿಪ್ಪೆ ಇಡೀ ಕಳಚಿ ಅವಳ ಬೆರಳಲ್ಲಿ ಉಳಿಯಿತು. ಬೇರು ಮಣ್ಣಿನ ಮೇಲೆ ಬೆತ್ತಲಾಗಿ, ಬೆಳ್ಳಗೆ, ಹಬೆಯಾಡುತ್ತ ಬಿದ್ದಿತ್ತು.