ಬೀಗದೊಳಗಿನ ನಲವತ್ತೊಂದು

ಕಾಗದ ಇನ್ನೂ ಬೆಚ್ಚಗಿದೆ, ಈಗಷ್ಟೇ ಇಸ್ತ್ರಿ ಮಾಡಿ ಮಡಿಸಿಟ್ಟ ಅಂಗಿಯ ಹಾಗೆ, ಯಂತ್ರದಿಂದ ಹಾಳೆಯ ಮೇಲೆ ಹಾಳೆ ಬರುತ್ತಲೇ ಇದೆ, ಸಾವಿರದ ಇನ್ನೂರ ಆರು ಹೆಸರು, ಯಾರ ಮೈಗೂ ಕೈ ಹಚ್ಚದ ಅಪರಾಧಿಗಳಿಗೆಲ್ಲ ಒಟ್ಟಿಗೇ ಕ್ಷಮಾದಾನ, ದೇಶದ ಅಧ್ಯಕ್ಷರ ಒಂದೇ ಸಹಿ – ಅಂಗೈಯನ್ನು ಹಾಳೆಯ ಮೇಲಿಟ್ಟುಕೊಂಡೇ ಅವಳು ನಿಂತಳು – ಈ ಕ್ಷಮಾದಾನ ವಿಭಾಗದ ಕಾನೂನು ಸಲಹೆಗಾರ್ತಿಯಾಗಿ ಹತ್ತೊಂಬತ್ತು ವರ್ಷ, ಒಬ್ಬೊಬ್ಬ ಕೈದಿಗೆ ಒಂದೊಂದು ಫೈಲು, ಒಂದೊಂದು ಫೈಲಿಗೆ ಒಂದೊಂದು ಅಭಿಪ್ರಾಯ, ಈಗ ನೋಡಿದರೆ ರಾತ್ರಿ ಬೆಳಗಾಗುವುದರೊಳಗೆ ಎಲ್ಲರೂ ಹೊರಗೆ, ಅವಳ ಸಲಹೆ ಕೇಳಿದವರು ಯಾರು, ಮೇಡಂ ಪಟ್ಟಿ ಸರಿಯಿದೆ ಅಂತ ಒಂದು ಸಹಿ ಹಾಕಿಬಿಡಿ ಸಾಕು, ಐದು ಗಂಟೆಗೆ ಗೆಜೆಟ್ ಅಚ್ಚಿಗೆ ಹೋಗುತ್ತೆ, ಅಂದಿದ್ದರು ಕಾರ್ಯದರ್ಶಿ ಬೆಳಿಗ್ಗೆ. ಹಾಕಿಬಿಡಬೇಕಂತೆ! ಅವಳ ಸಹಿಯೇನು ಬಿಟ್ಟಿ ಬಿದ್ದಿದೆಯೇ? ಮೂವರು ಕಾರ್ಯದರ್ಶಿಗಳು ಬಂದು ಹೋದರು, ಅವಳು ಬರೆದದ್ದು ಒಂದು ಸಲವೂ ಮರುಪರಿಶೀಲನೆಗೆಂದು ಹಿಂದೆ ಬಂದಿಲ್ಲ, ಬೆನ್ನ ಹಿಂದೆ ಜರಡಿ ಮೇಡಂ ಅನ್ನುತ್ತಾರೆ, ಅನ್ನಲಿ, ಒಳಗೊಳಗೇ ಅವಳಿಗೆ ಖುಷಿಯೇ, ಗಂಡನಂತೂ ನಿನ್ನ ಫೈಲುಗಳಿಗೆ ಒಂದು ತೊಟ್ಟಿಲು ಕಟ್ಟಿಬಿಡು ಕಣೇ ಎಂದು ಕಾಲೆಳೆಯುತ್ತಾನೆ – ಸಹಿಗೆ ಮೊದಲು ಬೆರಳು ಪಟ್ಟಿಯ ಮೇಲೆ ಜಾರಿತು, ಬಿಡಲೇಬೇಕು ಎಂದುಕೊಂಡಿದ್ದ ಆ ದರ್ಜಿಯ ಹೆಸರು ಎಲ್ಲಿ, ಇಲ್ಲ, ಮತ್ತೊಮ್ಮೆ ಮೇಲಿನಿಂದ, ಇಲ್ಲ, ಔಷಧಿ ಅಂಗಡಿಯ ಆ ಹೆಂಗಸು, ಅವಳೂ ಇಲ್ಲ, ಶಾಲೆಯ ಗುಮಾಸ್ತ, ಇಲ್ಲ.

ಪಟ್ಟಿ ಮಾಡಿದ ರೆಕಾರ್ಡ್ ರೂಮಿನವನು ತಲೆ ಕೆರೆದುಕೊಂಡ, ರ್‍ಯಾಕಲ್ಲಿದ್ದ ಫೈಲುಗಳನ್ನೆಲ್ಲ ನೋಡಿ ಬರೆದಿದ್ದೀನಿ ಮೇಡಂ, ನಿಮ್ಮ ಕಪಾಟಿನ ಬೀಗದ ಕೈ ನಿಮ್ಮ ಹತ್ರಾನೇ ಇರುತ್ತಲ್ವಾ. ಇರುತ್ತದೆ. ಅವಳ ಹತ್ತಿರವೇ. ಬೇಡ ಎಂದು ಬರೆಯಲು ಅವಳಿಗೆ ಒಂದು ದಿನ ಸಾಕು, ಆ ಫೈಲು ಸಂಜೆಗೇ ರ್‍ಯಾಕಿಗೆ, ಆದರೆ ನಿಜಕ್ಕೂ ಬಿಡಬೇಕಾದವರದನ್ನು ಮಾತ್ರ ಅವಸರ ಮಾಡದೆ, ಯಾರೂ ತಕರಾರು ಎತ್ತದ ಹಾಗೆ ಬರೆಯಬೇಕೆಂದು ಎತ್ತಿಟ್ಟುಕೊಳ್ಳುತ್ತಿದ್ದಳು, ಎತ್ತಿಟ್ಟದ್ದು ನಲವತ್ತೊಂದು, ಅವಳು ಬೇಡವೆಂದವರು ಇವತ್ತು ಹೊರಗೆ, ಬೇಕೆಂದವರು ಒಳಗೆ – ಕಪಾಟು ತೆಗೆದಳು, ಮೇಲೆಯೇ ದರ್ಜಿಯ ಅರ್ಜಿ, ಜೈಲಿನಲ್ಲಿ ಗುಂಡುಸೂಜಿ ಕೊಡುವುದಿಲ್ಲವೆಂದು ಅವನು ಅಲ್ಲಿನ ಹೊಲಿಗೆ ಕೋಣೆಯಲ್ಲೇ ಹಾಳೆಗಳನ್ನು ನೀಲಿ ದಾರದಿಂದ ಹೊಲಿದು ಕಳಿಸಿದ್ದ, ಅಂಚಿಗೆ ಒಂದೇ ಅಳತೆಯ ಹೊಲಿಗೆ, ಕೆಲಸ ಅಂದರೆ ಹೀಗಿರಬೇಕು ಎಂದು ಆವತ್ತು ಎಷ್ಟು ಮೆಚ್ಚಿಕೊಂಡಿದ್ದಳು, ಮೆಚ್ಚಿ ಬೀಗ ಹಾಕಿದ್ದಳು. ಗಂಟೆ ನಾಲ್ಕು ಹತ್ತು. ಸುಮ್ಮನೆ ಸಹಿ ಹಾಕಿದರೆ ಕೇಳುವವರಿಲ್ಲ, ಹೆಸರಿಗೆ ಕಪ್ಪು ಚುಕ್ಕೆಯಿಲ್ಲ, ಕಪಾಟು ಅವಳದು, ಬೀಗ ಅವಳದು – ಛೆ, ಏನು ಯೋಚಿಸುತ್ತಿದ್ದಾಳೆ, ನೀಲಿ ದಾರ ಕಣ್ಣಿಗೆ ಹೊಡೆಯಿತು, ಪೆನ್ನು ತೆಗೆದಳು. ಈ ನಲವತ್ತೊಂದು ಕಡತಗಳು ಪಟ್ಟಿಯಿಂದ ಹೊರಗುಳಿದದ್ದು ಸಂಪೂರ್ಣವಾಗಿ ನನ್ನ ತಪ್ಪಿನಿಂದ, ಇವರನ್ನೂ ಸೇರಿಸತಕ್ಕದ್ದು. ಓದಿ ನೋಡಿದಳು, ಒಂದಕ್ಷರ ಹೊಡೆದುಹಾಕುವಂತಿರಲಿಲ್ಲ, ಇಂಥ ಹೊತ್ತಿನಲ್ಲೂ ಅವಳಿಗೆ ಹೆಮ್ಮೆಯಾಯಿತು.

ಲಿಫ್ಟಿನ ತುಂಬ ಜನ, ಮೆಟ್ಟಿಲೇ ಸರಿ, ಮಗಳನ್ನು ಮೊದಲ ದಿನ ಶಾಲೆಗೆ ಎತ್ತಿಕೊಂಡು ಹೋದ ಹಾಗೆ ಫೈಲುಗಳನ್ನು ಎದೆಗವಚಿಕೊಂಡು ಮೂರು ಮಹಡಿ, ಏದುಸಿರು, ಜರಡಿ ಮೇಡಂ ಓಡ್ತಿದಾರೆ ನೋಡ್ರೋ ಎಂದ ಯಾವನೋ, ನೋಡಲಿ, ತಲೆ ಎತ್ತಿಯೇ ಹತ್ತಿದಳು. ಕಾರ್ಯದರ್ಶಿ ಟಿಪ್ಪಣಿ ಎರಡು ಸಲ ಓದಿದರು, ಇದು ನಿಮ್ಮ ಸೇವಾ ಪುಸ್ತಕಕ್ಕೆ ಹೋಗುತ್ತೆ, ಯೋಚನೆ ಮಾಡಿದೀರಾ ಮೇಡಂ, ಹೋಗಲಿ ಸರ್, ಆ ಪುಸ್ತಕದಲ್ಲಿ ಒಂದಾದರೂ ಒಳ್ಳೆ ವಾಕ್ಯ ಇರಲಿ. ಅವರು ನಕ್ಕರು, ಜೈಲಿನ ದಾಖಲೆ ತೆರೆದು ಒಂದೊಂದೇ ಹೆಸರು ಹೊಂದಿಸಿ ನೋಡಿದರು, ನಾಲ್ಕೂ ಮುಕ್ಕಾಲಿಗೆ ಸಹಿ ಬಿತ್ತು, ನಲವತ್ತು ಜನ. ನಲವತ್ತೇ? ಒಂದು ಫೈಲನ್ನು ಅವಳ ಕಡೆ ಸರಿಸಿದರು, ಇವನು ಈಗ ಅಲ್ಲಿಲ್ಲ ಮೇಡಂ, ದುಡಿದ ದಿನಗಳ ರಿಯಾಯಿತಿನೂ ಸೇರಿ ಶಿಕ್ಷೆ ಪೂರ್ತಿ ಮುಗಿಸಿ ಎರಡು ತಿಂಗಳ ಹಿಂದೇನೇ ಹೋದ.

ನಲವತ್ತು ಜನ, ನಲವತ್ತು ಮನೆ, ಇಡೀ ಇಲಾಖೆಯಲ್ಲಿ ಇವತ್ತು ಈ ಕೆಲಸ ಮಾಡಿದವಳು ತಾನೊಬ್ಬಳೇ, ಮೆಟ್ಟಿಲಿಳಿಯುವಾಗ ಹೆಮ್ಮೆಯಿಂದ ಅರ್ಧದಲ್ಲೇ ನಿಂತಳು, ಹೆಮ್ಮೆಯೇ, ಇನ್ನೇನು, ಯಾರ ಕರುಣೆಯ ಹಂಗೂ ಇಲ್ಲದೆ ನಡೆದು ಹೋದನಲ್ಲ ಅವನು, ತನ್ನ ಕಾಲ ಮೇಲೆ ತಾನೇ, ಅವಳ ಚೆಂದದ ಅಭಿಪ್ರಾಯಕ್ಕೆ ಕಾದೂ ಕಾದೂ – ಹೆಬ್ಬೆರಳು ಅರ್ಜಿಯ ಅಂಚಿನಲ್ಲಿ ತಾನಾಗಿ ಓಡುತ್ತಿದೆ, ನೀಲಿ ದಾರ, ಹನ್ನೊಂದು ಹೊಲಿಗೆ, ಹನ್ನೊಂದೂ ಒಂದೇ ಅಳತೆ, ಕೊನೆಯ ಗಂಟು ಎಲ್ಲಿ, ಮೇಲೆ ಕಾಣಿಸುತ್ತಿಲ್ಲ, ಹಾಳೆ ಮಗುಚಿದಳು – ಒಳಗಡೆ, ಎರಡು ಹಾಳೆಗಳ ನಡುವೆ, ಓದುವವರ ಬೆರಳಿಗೆ ಒತ್ತಬಾರದೆಂದು ಅಡಗಿಸಿಟ್ಟ, ಪುಟ್ಟ, ನೀಲಿ ಗಂಟು.