ತೋರಿಕೆಯ ಜೇಬು

ಪ್ರಿಂಟರ್ ರಿಪೇರಿ ಮಾಡುವ ತಮ್ಮ, ತನ್ನ ಅಕ್ಕನ ಹನ್ನೊಂದು ವರ್ಷದ ಬ್ಲಾಗನ್ನು ಎಡಗೈಯಲ್ಲಿ ಎತ್ತಿ ಹೊಸ ಜಾಗದಲ್ಲಿ ಇಳಿಸಿದಾಗ, ಬಲಗೈಯಲ್ಲಿದ್ದ ಚಹಾದ ಕೆನೆ ಕೂಡ ಅಲುಗಲಿಲ್ಲ. ಆರುನೂರು ಬರಹ, ಎರಡು ಸಾವಿರ ಚಿತ್ರ, ಎಲ್ಲ ಮೂರು ಸಲ ಸೀನುವಷ್ಟರಲ್ಲಿ ಮುಗಿಯಿತು. ದೊಡ್ಡ ದೊಡ್ಡ ಕಂಪನಿಯವರು ಬಾಗಿಲಲ್ಲಿ ಸಾಲುಗಟ್ಟಿ ಗುಟ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲವಂತೆ.

"ಒಳಗಾದ್ರೂ ಕರೀಬೇಕಿತ್ತು ಅವರನ್ನ. ಕುರ್ಚಿ ಖಾಲಿ ಇದ್ವು," ಎಂದಳು ಅಕ್ಕ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ. ಬೇರೆ ದಿನವಾಗಿದ್ದರೆ ನಗುತ್ತಿದ್ದಳು.

ಅಕ್ಕ ಹಳೆ ಬಟ್ಟೆ ಸರಿಮಾಡುವ ದರ್ಜಿ. ಹರಿದ ಮೊಣಕೈ, ಕೈಕೊಟ್ಟ ಜಿಪ್ಪು, ಸವೆದ ಕಾಲರು, ಇವುಗಳ ಚಿಕಿತ್ಸೆಯನ್ನೆಲ್ಲ ಬ್ಲಾಗಿನಲ್ಲಿ ಬರೆಯುತ್ತಿದ್ದಳು. ಬ್ಲಾಗಿಗೆ ಜಾಗ ಕೊಟ್ಟಿದ್ದ ಸಂಸ್ಥೆ ಬಾಗಿಲು ಮುಚ್ಚುವುದಾಗಿ ತಿಳಿಸಿದಾಗ ತಮ್ಮ ಎದೆ ತಟ್ಟಿಕೊಂಡು ಮುಂದೆ ಬಂದ. ಸ್ಥಿರ ಪುಟ ಮಾಡಿಬಿಡೋಣ, ಹಿಂದೆ ಯಾವ ಯಂತ್ರವೂ ಓಡಬೇಕಿಲ್ಲ, ಅಚ್ಚು ಹಾಕಿದ ಪುಸ್ತಕದ ಹಾಗೆ ಇಟ್ಟದ್ದು ಇಟ್ಟಲ್ಲೇ ಇರುತ್ತದೆ ಎಂದ. ಅಕ್ಕನದು ಒಂದೇ ಷರತ್ತು. ಕಂದು ಅಕ್ಷರ, ಪುಟದ ಅಂಚಿಗೆ ಬಿಡಿಬಿಡಿ ಹೊಲಿಗೆಯಂಥ ಗೆರೆ, ಪ್ರತಿ ಬರಹದ ಕೆಳಗೆ ಓದುಗರು ಮಾತು ಬರೆಯುವ ಚೌಕ, ಯಾವುದೂ ಬದಲಾಗಬಾರದು.

"ಒಂದು ಹೊಲಿಗೆ ಆಚೀಚೆ ಆದ್ರೂ ನಿನ್ ಕಿವಿ ಆಲ್ಟರ್ ಮಾಡ್ತೀನಿ," ಎಂದಿದ್ದಳು.

ಒಂದೂ ಆಚೀಚೆ ಆಗಲಿಲ್ಲ. ಮೂರು ಸೀನು ಎಂದದ್ದು ನಾಲ್ಕು ಭಾನುವಾರ ಹಿಡಿಯಿತು, ಅಷ್ಟೇ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೆತ್ತ ತಾಯಿಗೂ ಗುರುತು ಸಿಗದು.

"ಹೊಸ ಜಾಗಕ್ಕೆ ಬಂದು ಇಪ್ಪತ್ತು ದಿನ ಆಯ್ತು. ಒಬ್ರೂ ಮಾತಾಡ್ತಿಲ್ಲ ಕಣೋ," ಅಕ್ಕ ಯಂತ್ರ ನಿಲ್ಲಿಸಿದಳು. "ಗುಂಡಿ ತಾತನೂ ಇಲ್ಲ."

ಗುಂಡಿ ತಾತನನ್ನು ಯಾರೂ ಕಂಡಿರಲಿಲ್ಲ. ಅಕ್ಕ ಏನು ಬರೆದರೂ ಹನ್ನೊಂದು ವರ್ಷದಿಂದ ಮೊದಲು ತಗಾದೆ ತೆಗೆಯುತ್ತಿದ್ದ ಓದುಗ ಅವನು. ಗುಂಡಿ ಹಾಕುವುದು ಹಾಗಲ್ಲ ಎಂಬುದು ಅವನ ಖಾಯಂ ವಾದ.

"ಓದಿ ಬೆರಗಾಗಿ ಮಾತೇ ಹೊರಟಿರಲ್ಲ ಅಕ್ಕಾ ಅವರಿಗೆ!"

"ಎಂಬತ್ತು ದಾಟಿದ ಜೀವ. ಏನೋ ಆಗಿಹೋಗಿದೆ. ಮಿಕ್ಕವರಿಗೂ ನಾನು ಸಾಕಾಗಿದೀನಿ. ಇನ್ನು ಬರೆಯಲ್ಲ, ಮುಚ್ಚಿಬಿಡು." ಕಂಪ್ಯೂಟರನ್ನು ಅವನ ಕಡೆಗೆ ತಿರುಗಿಸಿದಳು. "ಅದಕ್ಕೆ ಮುಂಚೆ ನೀನಾದ್ರೂ ಒಂದು ಮಾತು ಬರಿ. ಕೊನೇ ಬರಹದ ಕೆಳಗೆ ಖಾಲಿ ಇರೋದು ನೋಡೋಕಾಗಲ್ಲ."

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಅವನು ಚೌಕದಲ್ಲಿ 'ತುಂಬ ಚೆನ್ನಾಗಿದೆ' ಎಂದು ಬರೆದು ಒತ್ತಿದ. 'ಧನ್ಯವಾದ, ನಿಮ್ಮ ಮಾತು ತಲುಪಿತು' ಎಂದು ಪುಟ ಹೇಳಿತು. ಅಕ್ಕ ಪುಟವನ್ನು ಮತ್ತೆ ತೆರೆದಳು. ಕೆಳಗೆ ಏನೂ ಇಲ್ಲ. ಇನ್ನೊಮ್ಮೆ ತೆರೆದಳು. ಆಮೇಲೆ ಗಿರಾಕಿ ತಂದ ಕೋಟನ್ನು ನೋಡುವ ಹಾಗೆ ಕನ್ನಡಕ ಏರಿಸಿ ಆ ಚೌಕವನ್ನೇ ನೋಡಿದಳು.

"ಇದು ತೋರಿಕೆ ಜೇಬು ಅಲ್ವೇನೋ? ಮೇಲೆ ಪಟ್ಟಿ ಇದೆ, ಒಳಗೆ ಚೀಲ ಇಲ್ಲ."

ಹುಟ್ಟಿದಾಗಿನಿಂದ ಒಣಗದ ಅವನ ಬಾಯಿ ಒಣಗಿತು.

"ಸ್ಥಿರ ಪುಟ ತೋರಿಸುತ್ತೆ ಅಷ್ಟೇ ಅಕ್ಕ, ಕೇಳಿಸ್ಕೊಳ್ಳಲ್ಲ. ಅದಕ್ಕೆ ಬೇರೆ ಏರ್ಪಾಡು ಬೇಕು. ನಂಗೆ ಹೊಳೀಲಿಲ್ಲ. ನೀನು ಯಾವುದೂ ಬದಲಾಗಬಾರ್ದು ಅಂದಿದ್ದೆ, ಚೌಕಾನೂ ಹಾಗೇ ಇಳಿಸಿದೆ."

"ಯಾವಾಗ ಗೊತ್ತಾಯ್ತು?"

"ಎರಡನೇ ದಿನ."

"ಅವರು ಬರೆದಿದ್ದೆಲ್ಲ?"

"ಎಲ್ಲೂ ಇಲ್ಲ. ಅಷ್ಟು ಕೊಚ್ಚಿಕೊಂಡ ಮೇಲೆ ಹೇಳೋಕೆ ಮುಖ ಇರ್ಲಿಲ್ಲ."

ಅಕ್ಕ ತಾನೆದ್ದು ಕುರ್ಚಿಯನ್ನು ಅವನತ್ತ ನೂಕಿದಳು. ಅವನು ಕೂತು, ಮೊದಲ ಪುಟದ ನೆತ್ತಿಯಲ್ಲಿ, ಅವಳ ಕಂದು ಅಕ್ಷರಗಳಲ್ಲೇ ಬರೆದ:

'ಇಪ್ಪತ್ತು ದಿನದಿಂದ ನೀವು ಬರೆದ ಯಾವ ಮಾತೂ ಅಕ್ಕನಿಗೆ ತಲುಪಿಲ್ಲ. ತಮ್ಮನಾದ ನನ್ನಿಂದ ಒಂದು ಸಣ್ಣ ತಪ್ಪಾಯಿತು. ಗೊತ್ತಿದ್ದೂ ಮುಚ್ಚಿಟ್ಟೆ. ಗುಂಡಿ ತಾತ, ದಯವಿಟ್ಟು ಕೆಳಗಿನ ವಿಳಾಸಕ್ಕೆ ಬೈದು ಬರೆಯಿರಿ.'

ಅಕ್ಕ ಅವನ ಹೆಗಲ ಮೇಲಿಂದ ಬಾಗಿ ಓದಿದಳು. 'ಸಣ್ಣ' ಎಂಬಲ್ಲಿ ಬೆರಳಿಟ್ಟಳು.

ಅವನು ಆ ಪದವನ್ನು ಅಳಿಸಿದ.